ಜೈಲಿನೊಳಗೆ ನಾನು ಮಾಡಿದ ಆಯೇರಿ

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವುದು ನನ್ನಿಂದಾಗದು. ನನ್ನ ಮೊಮ್ಮಗಳು ನೀಲಾ ಬರೆದು, ತಾನೇ ಪಾರ್ಟು ಮಾಡಿದ ಜೈಲಿನ ನಾಟಕವನ್ನು ನಮ್ಮ ಬ್ಯಾಡಗಿಯವರು ಕರೆಸಿ ಆಡಿಸುತ್ತಾರಂತೆ! ಇವತ್ತು ಮುಂಜಾನೆ ಫೋನ್ ಬಂತು. ಆಗ ನಾನು ನಮ್ಮ ಬಟ್ಟೆ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಕುಪ್ಪಸದ ಬಟ್ಟೆ ಅಳೆದು ಕತ್ತರಿಸುತ್ತಿದ್ದೆ. ಸುದ್ದಿ ಕಿವಿಗೆ ಬಿದ್ದ ಮೇಲೆ ಕತ್ತರಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. "ಯಕ್ಕಾ, ಬಟ್ಟಿ ಭಾಳ ಆತಲ್ಲ" ಎಂದಳು ಆಕೆ. "ಇರಲಿ ತೊಗೋ ತಂಗಿ, ನಮ್ಮ ಹುಡುಗಿ ಮತ್ತ ಜೈಲಿಗೆ ಹೊಂಟಾಳ" ಎಂದೆ. ಆಕೆ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂತಿರುಗಿಯೂ ನೋಡದೆ ಹೋದಳು. ಈಗ ಪೇಟೆಯಲ್ಲಿ ಏನೇನು ಹಬ್ಬಿಸಿದ್ದಾಳೋ. ಹಬ್ಬಲಿ, ನಾಟಕಕ್ಕೆ ಜನ ಹೆಚ್ಚು ಬರುತ್ತಾರೆ.

ನಾನು ಶಾಲೆ ಕಲಿತದ್ದು ಮೂರನೇ ಇಯತ್ತೆಯವರೆಗೆ. ಓದು ಅಷ್ಟಕ್ಕಷ್ಟೇ, ಆದರೆ ನಾಟಕದ ವಿಷಯದಲ್ಲಿ ನನ್ನನ್ನು ಯಾರೂ ಅನಕ್ಷರಸ್ಥೆ ಎನ್ನುವ ಹಾಗಿಲ್ಲ. ನನ್ನ ತವರು ಹೊಸರಿತ್ತಿಯ ಕಡೆ. ಸುಗ್ಗಿ ಮುಗಿದರೆ ಸಾಕು, ಊರ ಹುಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತುಬಿಡುತ್ತಿದ್ದರು. ನಮ್ಮ ಕಡೆಯ ನಾಟಕದಲ್ಲಿ ಒಂದು ಪದ್ಧತಿ ಇದೆ, ಆಯೇರಿ. ಪಾರ್ಟು ಮಾಡುವವನ ಬಂಧುಗಳು ನಾಟಕ ನಡೆಯುತ್ತಿರುವಾಗಲೇ ಸ್ಟೇಜು ಹತ್ತಿ, ಟವೆಲ್ಲೋ ಧೋತರವೋ ಹೊದಿಸಿ, ಕಾಯಿ ಕೊಟ್ಟು ಇಳಿಯುತ್ತಾರೆ. ನನ್ನ ಸೋದರಮಾವ ಒಮ್ಮೆ ಖಳನಾಯಕನಾಗಿದ್ದ. ಎದೆಗೆ ಕತ್ತಿ ಚುಚ್ಚಿಸಿಕೊಂಡು ಬಿದ್ದು ಇನ್ನೇನು ಪ್ರಾಣ ಬಿಡಬೇಕು, ಅಷ್ಟರಲ್ಲಿ ಮೈಕಿನಲ್ಲಿ "ಇವರಿಗೆ ಇವರ ಬೀಗರಿಂದ ಒಂದು ಟವೆಲ್ಲು" ಎಂದು ಕೂಗಿದರು. ಮಾವ ಎದ್ದ, ಟವೆಲ್ಲು ಹೊದ್ದುಕೊಂಡ, ಬೀಗರಿಗೆ ಕೈ ಮುಗಿದ, ಮತ್ತೆ ಅದೇ ಜಾಗದಲ್ಲಿ ಮಲಗಿ ಸತ್ತ. ಯಾರಿಗೂ ಅದು ವಿಚಿತ್ರ ಎನ್ನಿಸಲಿಲ್ಲ. ಆಯೇರಿ ಬರದ ಪಾತ್ರಧಾರಿಯನ್ನು ನೋಡಿದರೆ ಮಾತ್ರ ನಮಗೆ ಕರುಳು ಚುರ್ರೆನ್ನುತ್ತಿತ್ತು. ಪಾಪ, ತನ್ನವರು ಅನ್ನುವವರು ಯಾರೂ ಇಲ್ಲವಲ್ಲ ಎಂದು.

ನೀಲಾಳ ನಾಟಕ ಇಂಥದಲ್ಲ. ಅವಳು ರಾಣೆಬೆನ್ನೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ, ಅಲ್ಲಿಯ ಗೆಳೆಯರನ್ನು ಕಟ್ಟಿಕೊಂಡು ಒಂದು ತಂಡ ಮಾಡಿದ್ದಾಳೆ. ಕಥೆ ಏನೆಂದರೆ, ಒಂದು ಜೈಲು, ಅದರಲ್ಲಿಯ ಕೈದಿಗಳೆಲ್ಲ ಸೇರಿ ಒಂದು ರಾಜನ ನಾಟಕ ಆಡುತ್ತಾರೆ. ರಾಜನ ಪಾರ್ಟು ಬಸ್ಯಾ ಎಂಬ ಕೈದಿಗೆ ಬರುತ್ತದೆ. ಎಷ್ಟೋ ವರ್ಷದಿಂದ ಅವನನ್ನು ನೋಡಲು ಜೈಲಿಗೆ ಒಂದು ನರಪಿಳ್ಳೆಯೂ ಬಂದಿಲ್ಲ. ಆ ಬಸ್ಯಾ ನಮ್ಮ ನೀಲಾ. ಮೀಸೆ ಅಂಟಿಸಿಕೊಂಡು ನಿಂತರೆ ಥೇಟ್ ನಮ್ಮ ಮಾವನವರು, ನನ್ನ ಗಂಡನ ತಂದೆ! ಮೊದಲ ಸಲ ನೋಡಿದಾಗ ನಾನು ಅರಿವಿಲ್ಲದೆ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದೆ.

ಮೊದಲ ಪ್ರಯೋಗ ರಾಣೆಬೆನ್ನೂರಿನಲ್ಲಾಯಿತು. ಜನ ಬಂದರು, ಕುಳಿತರು, ಮುಗಿದ ಮೇಲೆ ಎದ್ದರು. ಚಪ್ಪಾಳೆ ಬಿತ್ತು, ಆದರೆ ಸಣ್ಣ ಮಳೆ ಬಂದು ಧೂಳು ಅಡಗುವ ಮೊದಲೇ ನಿಂತ ಹಾಗೆ. ನಾನು ಬಾಗಿಲ ಬಳಿ ನಿಂತು, ಹೊರಗೆ ಬರುವವರ ಬಾಯಿಗೆ ಕಿವಿ ಕೊಟ್ಟೆ. ಒಬ್ಬರು, "ಜೈಲಂದ್ರ ಒಬ್ಬರರೆ ಗ್ವಾಡಿ ಹಾರಿ ಓಡಿ ಹೋಗಬೇಕ ನೋಡ್ರಿ. ಇವರು ಯಾರೂ ಓಡಲೇ ಇಲ್ಲ" ಎಂದರು. ಇನ್ನೊಬ್ಬರು, "ಒಂದ್ ಪದಾ ಇಲ್ಲ, ಕುಣತಾ ಇಲ್ಲ, ಬರೇ ಮಾತಽ ಮಾತು" ಎಂದರು. ಮತ್ತೊಬ್ಬರಿಗೆ ಕೈದಿಗಳ ಅಂಗಿ ಇಷ್ಟು ಸ್ವಚ್ಛ ಇರಬಾರದಿತ್ತಂತೆ. ಆ ಅಂಗಿಗಳನ್ನು ಇಸ್ತ್ರಿ ಮಾಡಿದವಳು ನಾನು! ಉಳಿದವರೆಲ್ಲ ಹೇಳಿದ್ದು ಒಂದೇ ಮಾತು. "ಅಡ್ಡಿಯಿಲ್ಲ."

ಈ ಅಡ್ಡಿಯಿಲ್ಲ ಎಂಬುದನ್ನು ನಾನು ಚೆನ್ನಾಗಿ ಬಲ್ಲೆ, ಅದರ ಜೊತೆಗೇ ಸಂಸಾರ ಮಾಡಿದ್ದೇನೆ. ನಮ್ಮ ಮನೆಯವರು ನನ್ನನ್ನು ನೋಡಲು ಬಂದಾಗ ಹುಡುಗಿ ಹೇಗಿದ್ದಾಳೆ ಎಂದು ಅವರ ತಂದೆ ಕೇಳಿದ್ದಕ್ಕೆ "ಅಡ್ಡಿಯಿಲ್ಲ" ಎಂದರಂತೆ. ಮಗ ಹುಟ್ಟಿದಾಗ ತೊಟ್ಟಿಲಲ್ಲಿ ಬಗ್ಗಿ ನೋಡಿ "ಅಡ್ಡಿಯಿಲ್ಲ" ಎಂದರು. ನನ್ನ ಹೋಳಿಗೆ, ನನ್ನ ಎಣ್ಣೆಗಾಯಿ, ಕಾಶಿ ಯಾತ್ರೆ, ಕಣ್ಣಿನ ಆಪರೇಶನ್ನು, ಎಲ್ಲಕ್ಕೂ ಅದೇ. ಒಬ್ಬ ಗಂಡಸಿನ ಮಾತು, ಅಡ್ಡಿಯಿಲ್ಲ ಎಂದು ನಾನು ಸುಮ್ಮನಿದ್ದೆ. ಇಡೀ ರಾಣೆಬೆನ್ನೂರೇ ನಮ್ಮ ಮನೆಯವರಾಗಿಬಿಟ್ಟರೆ ತಡೆದುಕೊಳ್ಳುವುದು ಹೇಗೆ ಹೇಳಿ?

ನೀಲಾ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ರೊಟ್ಟಿ ಬೇಡ, ಚಹಾ ಬೇಡ. "ಬೈದ್ರರೆ ಜಗಳಾ ಮಾಡಬಹುದಿತ್ತಜ್ಜಿ. ಇದೇನಿದು, ಆರಿದ್ ಚಹಾ ಕೊಟ್ಟಂಗ!" ಎಂದಳು. ಹಾವೇರಿಯಲ್ಲಿ ಇನ್ನೊಂದು ಪ್ರಯೋಗ ನಿಗದಿಯಾಗಿತ್ತು. "ಅಲ್ಲೂ ಜನ ಹಿಂಗಽ ಕುಂತ್ರ ಮುಗೀತು. ತಂಡ ಮುಚ್ಚೋದು ಅಂತ ಎಲ್ಲಾರೂ ಮಾತಾಡೇವಿ. ನಾ ಅಂಗಡ್ಯಾಗ ಬಂದು ನಿನ್ನ ಬಾಜೂಕ ಕುಂದರತೇನಿ." ಮೊಮ್ಮಗಳು ಪಕ್ಕದಲ್ಲಿ ಬಂದು ಕೂತರೆ ಯಾವ ಅಜ್ಜಿಗೆ ಬೇಡ? ಆದರೆ ಈ ಹುಡುಗಿ ಕುಳಿತು ಬಟ್ಟೆ ಅಳೆಯುವವಳಲ್ಲ. ತೊಟ್ಟಿಲಿನಲ್ಲಿದ್ದಾಗಲೇ ಬೆಕ್ಕಿನ ಹಾಗೆ ಕೂಗಿ ಓಣಿಯ ನಾಯಿಗಳನ್ನು ಬಾಗಿಲಿಗೆ ಕರೆಸಿದವಳು. ನನಗೂ ಅಂದು ಊಟ ಸೇರಲಿಲ್ಲ.

ಹಾವೇರಿಗೆ ಹೊರಡುವಾಗ ನಾನು ಯಾರಿಗೂ ಹೇಳದೆ ಅಂಗಡಿಯಿಂದ ಒಂದು ಜರಿ ಅಂಚಿನ ಟವೆಲ್ಲು ತೆಗೆದು ಚೀಲದಲ್ಲಿ ಹಾಕಿಕೊಂಡೆ, ಒಂದು ತೆಂಗಿನಕಾಯಿಯನ್ನೂ. ಮಗ ಈರಣ್ಣ ಕಾರು ನಡೆಸುತ್ತ, "ಏನಬೇ ಅದು, ಚೀಲದಾಗ ಗುಡುಗುಡು ಅನ್ನಾಕತ್ತೇತಿ?" ಎಂದ. "ನನ್ನ ಎದಿ" ಎಂದೆ.

ನಾಟಕ ಶುರುವಾಯಿತು. ಜನರೇನೋ ಬಂದಿದ್ದರು, ಆದರೆ ಎಲ್ಲರೂ ಕೋರ್ಟಿನಲ್ಲಿ ತಮ್ಮ ಪಾಳಿಗೆ ಕಾಯುವವರ ಹಾಗೆ ಕುಳಿತಿದ್ದರು. ಒಬ್ಬ ಆಕಳಿಸಿದ, ಅವನನ್ನು ನೋಡಿ ಒಂದು ಸಾಲೇ ಆಕಳಿಸಿತು. ಸ್ಟೇಜಿನ ಮೇಲೆ ಕೈದಿಗಳ ನಾಟಕ ನಡೆದಿತ್ತು. ಬಸ್ಯಾ ರಟ್ಟಿನ ಕಿರೀಟ ಇಟ್ಟುಕೊಂಡು ರಾಜನಾಗಿ ನಿಂತಿದ್ದ, ಉಳಿದ ಕೈದಿಗಳು ಕೆಳಗೆ ಕುಳಿತು ನೋಡುತ್ತಿದ್ದರು. ರಾಜ ಮಾತಾಡುತ್ತ ಆಡುತ್ತ ನಿಂತುಬಿಟ್ಟ. ಕಿರೀಟ ತೆಗೆದು, "ಎಷ್ಟ ಛಂದ ಮಾಡಿದ್ರೇನು, ನೋಡಾಕ ನಮ್ಮವರು ಅಂತ ಯಾರ ಬಂದಾರ?" ಎಂದ. ಮೀಸೆಯ ಕೆಳಗೆ ಅವಳ ತುಟಿ ನಡುಗುತ್ತಿತ್ತು. ಅದು ಪಾರ್ಟಿನ ನಡುಕವಲ್ಲ, ನನ್ನ ಹುಡುಗಿಯ ನಡುಕ, ನನಗೆ ಗೊತ್ತಾಗದೆ ಇರುತ್ತದೆಯೇ?

ಯಾರೂ ಇಲ್ಲವಂತೆ! ನಾನು ಮೂರನೇ ಸಾಲಿನಲ್ಲಿ ಗುಡ್ಡದ ಹಾಗೆ ಕುಳಿತಿದ್ದೇನೆ! ಕೈ ತಾನಾಗಿ ಚೀಲಕ್ಕೆ ಹೋಯಿತು. ಸೊಸೆ ಗಿರಿಜಾ ಸೆರಗು ಹಿಡಿದು, "ಅತ್ತೀ, ಎಲ್ಲಿ ಹೊಂಟ್ರಿ? ಕುಂದರ್ರಿ" ಎಂದಳು. ಸೆರಗು ಬಿಡಿಸಿಕೊಂಡು, ಮೊಣಕಾಲು ಹಿಡಿದುಕೊಂಡು, ಮೆಟ್ಟಿಲು ಹತ್ತಿದೆ. ಸ್ಟೇಜಿನ ಮೇಲಿದ್ದ ಕೈದಿಗಳೆಲ್ಲ ಬಾಯಿ ತೆರೆದು ನೋಡಿದರು. ನಾನು ನೆಟ್ಟಗೆ ಹೋಗಿ ಬಸ್ಯಾನ ಹೆಗಲಿಗೆ ಟವೆಲ್ಲು ಹೊದಿಸಿ, ಕೈಯಲ್ಲಿ ಕಾಯಿ ಇಟ್ಟು, ದೃಷ್ಟಿ ತೆಗೆದು ನೆಟಿಗೆ ಮುರಿದೆ. ಆಗಷ್ಟೇ ನನ್ನ ತಲೆಗೆ ಬಂತು. ಇದು ಹೊಸರಿತ್ತಿಯಲ್ಲ, ಈ ನಾಟಕದಲ್ಲಿ ಆಯೇರಿ ಇಲ್ಲ. ನಾನು ಬಂದು ನಿಂತಿರುವುದು ಜೈಲಿನಲ್ಲಿ.

ನೀಲಾ ನನ್ನನ್ನು ನೋಡಿದಳು, ಟವೆಲ್ಲು ನೋಡಿದಳು. ಮುಗಿಯಿತು, ಹುಡುಗಿಯ ನಾಟಕವನ್ನು ನಾನೇ ಮುಚ್ಚಿಸಿದೆ ಎಂದುಕೊಂಡೆ. ಆದರೆ ಬಸ್ಯಾ ಮೆಲ್ಲಗೆ ನನ್ನ ಕೈ ಹಿಡಿದು ಕೇಳಿದ, "ಯವ್ವಾ... ಈಗ ಬಂದಿ?"

ಬೇರೆ ಯಾರಾದರೂ ಆಗಿದ್ದರೆ ಗೋಣು ಆಡಿಸಿ ಇಳಿಯುತ್ತಿದ್ದರು. ನನಗೆ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇದ್ದು ಗೊತ್ತಿಲ್ಲ. "ಕಾರಿನ ಗಾಲಿ ಪಂಕ್ಚರ್ ಆಗಿತ್ತೋ ಯಪ್ಪಾ, ಮೋಟೆಬೆನ್ನೂರ ಹಂತೇಕ" ಎಂದೆ. ಅದು ಖರೇ ಆಗಿತ್ತು. ಹಾಲಿನಲ್ಲಿ ಒಬ್ಬ ಕಿಸಕ್ಕೆಂದ, ಆಮೇಲೆ ಇಡೀ ಹಾಲ್ ಹೋ ಎಂದಿತು. ಜೈಲರ್ ಪಾರ್ಟಿನ ಹುಡುಗ ಮಂಜುನಾಥ ಎಚ್ಚರಗೊಂಡು ಲಾಠಿ ಬಡಿದ. "ಏ ಮುದುಕೀ, ಭೆಟ್ಟಿ ಟೈಮ್ ಮುಗದೈತಿ, ನಡಿ ಹೊರಗ!" ನನಗೆ ಸಿಟ್ಟು ಬಂತು ನೋಡಿ. ಮೊನ್ನೆ ನಮ್ಮ ಮನೆಯಲ್ಲೇ ಗಿರ್ಮಿಟ್ಟು ಎರಡೆರಡು ಸಲ ಹಾಕಿಸಿಕೊಂಡು ತಿಂದವನು! "ಗಿರ್ಮಿಟ್ ತಿನ್ನೋವಾಗ ಅಜ್ಜಿ ಅಂತಿದ್ದಿ, ಈಗ ಮುದುಕಿ ಆದ್ನೇನೋ?" ಎಂದೆ. ಮಂಜುನಾಥ ಲಾಠಿ ಕೆಳಗೆ ಹಾಕಿ ಬೆನ್ನು ತಿರುಗಿಸಿ ನಕ್ಕ. ಜನ ಸಿಳ್ಳೆ ಹೊಡೆದರು. ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಬಂದು ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಇನ್ನೊಬ್ಬ ಕೈದಿಗೆ ಹೊದಿಸಿದರು. "ಇವಗೂ ಯಾರರೆ ಬರಬೇಕಲ್ಲ" ಎಂದರು. ಒಬ್ಬ ತಾಯಿ ಮುಡಿಯ ಮಲ್ಲಿಗೆ ಬಿಚ್ಚಿ ಕೊಟ್ಟಳು. ಬಾಳೆಹಣ್ಣಿನ ಚಿಪ್ಪು ಎಲ್ಲಿಂದ ಬಂತೋ ಕಾಣೆ. ನಾಟಕ ಮುಗಿದಾಗ ಜೈಲಿನಲ್ಲಿ ಆಯೇರಿ ಇಲ್ಲದ ಒಬ್ಬ ಕೈದಿಯೂ ಇರಲಿಲ್ಲ. ಜೈಲರನಿಗೆ ಬಾಳೆಹಣ್ಣು ಸಿಕ್ಕಿತು.

ಇಷ್ಟಾದ ಮೇಲೆ ಬಂದದ್ದು ಇವತ್ತಿನ ಫೋನು. ಕರೆದವರದು ಒಂದೇ ಷರತ್ತು. "ಆ ಅಜ್ಜಿ ಪಾರ್ಟಿನವರು ಬರಲೇಬೇಕು." ಪಾರ್ಟಿನವರು! ನಾನು ಕನ್ನಡಿಯ ಮುಂದೆ ಹೋಗಿ ಒಮ್ಮೆ ನೋಡಿಕೊಂಡು ಬಂದೆ.

ಮಧ್ಯಾಹ್ನವೇ ಪಡಸಾಲೆಯಲ್ಲಿ ತಾಲೀಮು ನಡೆಯಿತು. ನಾನು ಇಳಕಲ್ ಸೀರೆ ಉಟ್ಟು, ಟವೆಲ್ಲು ಹಿಡಿದು, ಎದೆ ಉಬ್ಬಿಸಿ ನಡೆದು ಬಂದೆ. ನೀಲಾ, "ಯವ್ವಾ, ಈಗ ಬಂದಿ?" ಎಂದಳು. ನಾನು ಎರಡೂ ಕೈ ಮೇಲೆತ್ತಿ, ಕಣ್ಣು ತಿರುಗಿಸಿ, ಹಳೆಯ ಕಂಪನಿ ನಾಟಕದವರ ಹಾಗೆ ದೊಡ್ಡ ದನಿಯಲ್ಲಿ ಪಂಕ್ಚರಿನ ಮಾತು ಹೇಳಿದೆ. ಸೊಸೆ ಒಳಗೆ ಹೋದಳು. ಮಗ ಮೊಬೈಲ್ ನೋಡಿದ. ನೀಲಾ ಬಲು ಜತನದಿಂದ, "ಅಜ್ಜೀ, ಅವತ್ತಿನಂಗ ಬರವಲ್ದಲ್ಲ?" ಎಂದಳು. ನಾನು ಆರಾಮ ಕುರ್ಚಿಯ ಕಡೆ ತಿರುಗಿ, "ಏನ್ರಿ, ಹೆಂಗಾತು?" ಎಂದೆ. ನಮ್ಮ ಮನೆಯವರು ಕನ್ನಡಕ ಒರೆಸಿಕೊಂಡು ಹೇಳಿದರು, "ಅಡ್ಡಿಯಿಲ್ಲ."

ಗೋಡೆಯ ಕಡೆ ಮುಖ ಮಾಡಿ ಮಲಗುವುದು ಎಂದರೆ ಏನೆಂದು ಆಗ ನನಗೆ ಗೊತ್ತಾಯಿತು. ಆದರೆ ಎಣ್ಣೆಗಾಯಿಗೆ ಬದನೆಕಾಯಿ ಸೀಳಿಟ್ಟಿದ್ದೆ, ಹಾಗಾಗಿ ಮಲಗಲು ಪುರುಸೊತ್ತು ಆಗಲಿಲ್ಲ. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಒಟ್ಟಿಗೆ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ನೀಲಾ ಮೀಸೆ ತೆಗೆಯದೆ ಉಣ್ಣುತ್ತಿದ್ದಳು, ಅದರ ತುದಿಗೆ ಮೊಸರು ಹತ್ತಿತ್ತು. ಈರಣ್ಣ ನನ್ನ ಹಾಗೆಯೇ ಕೈ ಮೇಲೆತ್ತಿ "ಪಂಕ್ಚರ್ ಆಗಿತ್ತೋ ಯಪ್ಪಾ" ಎಂದ. ಎಲ್ಲರಿಗೂ ನಗು, ಎಲ್ಲರಿಗಿಂತ ಹೆಚ್ಚು ನನಗೆ. ನಗುತ್ತಲೇ ನಾನು ಅವನ ಬೆನ್ನಿಗೆ ಲಟ್ಟಣಿಗೆ ತೋರಿಸಿ, "ಏ, ಗಿರ್ಮಿಟ್ ತಿನ್ನೋವಾಗ ಯವ್ವಾ ಅಂತಿದ್ದಿ" ಎಂದು ಗದರಿಸಿದ್ದೇ ತಡ, ನಮ್ಮ ಮನೆಯವರು ತಟ್ಟೆ ಮೇಲೆತ್ತಿ, ಕಂಪನಿ ನಾಟಕದಲ್ಲಿ ಹಿಂದಿನ ಸಾಲಿನವರು ಕೂಗುವ ಹಾಗೆ ಕೂಗಿದರು.

"ಒನ್ಸ್ ಮೋರ್!"

ಅದು ಎಣ್ಣೆಗಾಯಿಗೆ ಹೇಳಿದ್ದು ಎಂದು ಸೊಸೆ ಹೇಳುತ್ತಾಳೆ, ತಟ್ಟೆ ಬರಿದಾಗಿತ್ತು ಎಂಬ ಸಾಕ್ಷಿಯೂ ಅವಳ ಬಳಿ ಇದೆ. ನಾನು ಅವರಿಗೆ ಎರಡು ಬದನೆಕಾಯಿ ಬಡಿಸಿದೆ. ಯಾವುದಕ್ಕೆ ಹೇಳಿದಿರಿ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ಅವರು ಉತ್ತರ ಕೊಟ್ಟಾರು ಎಂಬ ಹೆದರಿಕೆಯಿಂದ, ಬೇಗ ಇನ್ನೊಂದು ರೊಟ್ಟಿಯನ್ನೂ ಹಾಕಿಬಿಟ್ಟೆ.