ನಮ್ಮ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ ನಿಂತ ದಿನ

ನ್ಯಾಯ ಕೇಳಲು ಹೋದಾಗಲೆಲ್ಲ ನಾನು ನಗೆಪಾಟಲಾಗುತ್ತೇನೆ. ಒಮ್ಮೆ ಆದರೆ ಗ್ರಹಚಾರ ಅನ್ನಬಹುದು. ನನಗೆ ಇದೇ ದಿನಚರಿ.

ಮುಂಬಯಿ ಪಕ್ಕದ ಡೊಂಬಿವಲಿಯ ಹೋಟೆಲಿನಲ್ಲಿ ವಡೆ ಕಟ್ಟುವ ಪೇಪರ್ ಓದಿ ಅಕ್ಷರ ಕಲಿತವನು ನಾನು. ಹೆಂಡತಿ ತೀರಿಕೊಂಡ ಮೇಲೆ ಕಲ್ಯಾಣ, ಶಹಾಡ್ ದಾಟಿ ಈ ಹಳ್ಳಿ ಸ್ಟೇಷನ್ನಿನ ಪಕ್ಕ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಠಾಣೆಯ ಮಾಜಿವಾಡಾದಲ್ಲಿರುವ ತಂಗಿ ಒಮ್ಮೆಯೂ ಬಂದಿರಲಿಲ್ಲ. "ಅಣ್ಣಾ, ಅಲ್ಲಿಗೆ ಲೋಕಲ್ ಗಾಡಿ ಸಿಗುವುದೇ ಅಪರೂಪ. ಎಕ್ಸ್‌ಪ್ರೆಸ್ ನಿಲ್ಲಲಿ, ಮರುದಿನವೇ ಬರುತ್ತೇನೆ" ಅನ್ನುತ್ತಿದ್ದಳು. ಎಕ್ಸ್‌ಪ್ರೆಸ್ಸೋ, ನಮ್ಮ ಮುಖಕ್ಕೆ ಧೂಳೆರಚಿ ಓಡುತ್ತಿತ್ತು. ನನ್ನ ಜಗಳ ಶುರುವಾದದ್ದು ಅಲ್ಲಿಂದ.

ಬೀಗ ಹಾಕಿದ ನೀರು

ಉಗಿಬಂಡಿಗೆ ನೀರು ಕುಡಿಸಲೆಂದೇ ಇಂಗ್ಲಿಷರು ಈ ಸ್ಟೇಷನ್ ಕಟ್ಟಿದರಂತೆ. ಆಗ ಇಂಜಿನ್ನಿಗೂ ನೀರಿತ್ತು, ಈಗ ಮನುಷ್ಯರಿಗೂ ಇಲ್ಲ. ನಾನು ಕೂಗಾಡಿದೆ. ಕೊನೆಗೆ ತಣ್ಣೀರಿನ ಯಂತ್ರ ಬಂತು, ಸುತ್ತ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ.

"ಬೀಗ ಯಾಕೆ ಸಾಹೇಬರೇ?" ಎಂದು ಸ್ಟೇಷನ್ ಮಾಸ್ತರರನ್ನು ಕೇಳಿದೆ.

"ಬಿಟ್ಟರೆ ಜನ ಕುಡಿದುಬಿಡುತ್ತಾರಲ್ಲ!"

ಉಪವಾಸ

ಎಕ್ಸ್‌ಪ್ರೆಸ್ ನಿಲ್ಲಲಿ ಎಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಉಪವಾಸ ಕೂತೆ. ಜೊತೆಗೆ ಕೂರುತ್ತೇವೆಂದವರು ಒಬ್ಬರೂ ಬರಲಿಲ್ಲ. ಬಂದವರು ಬೇರೆ ಕೆಲಸಕ್ಕೆ ಬಂದರು. "ಅಣ್ಣಾ, ಹೇಗೂ ಕೂತಿದ್ದೀಯ, ಈ ಚೀಲ ಸ್ವಲ್ಪ ನೋಡ್ಕೋ." ಮಧ್ಯಾಹ್ನದ ಹೊತ್ತಿಗೆ ನನ್ನ ಸುತ್ತ ಚೀಲ, ಕೊಡೆ, ಒಂದು ಕೋಳಿ, ಮೀನು ಮಾರುವ ಹೆಂಗಸಿನ ಒಣಮೀನಿನ ಬುಟ್ಟಿ. ಹಸಿದವನ ಮೂಗಿನ ಕೆಳಗೆ ಒಣಮೀನು! ಸಂಜೆ ತಲೆ ಸುತ್ತಿ, ಉಪವಾಸ ಬಿಟ್ಟು ಎದ್ದೆ. ಆ ಮೀನಿನ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡಳು. ಪಾಪ, ನನಗಾಗಿ ಅಳುವವಳು ಒಬ್ಬಳಾದರೂ ಇದ್ದಾಳಲ್ಲ ಅನಿಸಿತು.

"ಅಣ್ಣಾ, ಹೀಗೆ ನಡುವೆ ಬಿಡಬೇಡ," ಎಂದಳು. "ನಾಳೆ ಬುಟ್ಟಿ ಎಲ್ಲಿಡಲಿ?"

ರೈಲ್ ರೋಕೋ

ಕೊನೆಗೆ ರೈಲು ತಡೆಯುವುದೆಂದು ತೀರ್ಮಾನಿಸಿದೆ. ಮನೆಮನೆಗೆ ಹೋಗಿ ಬೈದು ಕರೆದೆ. ಈ ಸಲ ಎಲ್ಲರೂ ಬಂದರು! ಬೆಳಿಗ್ಗೆ ಪ್ಲಾಟ್‌ಫಾರ್ಮ್ ತುಂಬ ಜನ, ಬಾಯ್ತುಂಬ ಘೋಷಣೆ. ಎಲ್ಲರ ಹೆಗಲಲ್ಲೂ ಆಫೀಸಿನ ಬ್ಯಾಗು, ಕೈಯಲ್ಲಿ ಡಬ್ಬ. ಆಗಲೇ ನನಗೆ ತಿಳಿಯಬೇಕಿತ್ತು.

ಕೆಂಪು ಬಾವುಟ ಹಿಡಿದು ಹಳಿಗಿಳಿದೆ. ಎಕ್ಸ್‌ಪ್ರೆಸ್ ಕಿರ್ರೆಂದು ಅರಚುತ್ತ ನಿಂತಿತು, ನಿಜವಾಗಿಯೂ ನಿಂತಿತು. "ಗೆದ್ದೆವು!" ಎಂದು ಹಿಂದಿರುಗಿ ನೋಡುತ್ತೇನೆ, ನನ್ನ ಆಂದೋಲನವೆಲ್ಲ ಬಾಗಿಲುಗಳಲ್ಲಿ ನೇತಾಡುತ್ತಿದೆ. ಒಬ್ಬ ಸೀಟಿಗೆ ಕರ್ಚೀಫು ಹಾಸಿ, ಕಿಟಕಿಯಿಂದ ಕೂಗಿದ: "ಅಣ್ಣಾ, ಇನ್ನು ಪಕ್ಕಕ್ಕೆ ಸರಿ. ನಮಗೆ ಲೇಟಾಗುತ್ತೆ!"

ಪೊಲೀಸರು ನನ್ನನ್ನು ಎಳೆದರು. ಗಾಡಿ ಹೋಯಿತು. ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಾನು ಮತ್ತು ಬಾವುಟ. ಬೈಸಿಕೊಂಡು ಖೋಲಿಗೆ ಬಂದು ಕೂತಿದ್ದೆ, ಫೋನ್ ಬಂತು. ತಂಗಿ.

"ಅಣ್ಣಾ, ನಿನ್ನ ಎಕ್ಸ್‌ಪ್ರೆಸ್ ಯಾವ ಕಾಲಕ್ಕೆ ನಿಲ್ಲುತ್ತದೋ, ಲೋಕಲ್‌ನಲ್ಲೇ ಬರೋಣ ಅಂತ ಇವತ್ತು ಹೊರಟಿದ್ದೆ. ನಿನಗೆ ಪತ್ರೊಡೆ ಕೂಡ ಮಾಡಿದ್ದೆ. ಅಲ್ಲಿ ಯಾವನೋ ತಲೆಕೆಟ್ಟವನು ಹಳಿ ಮೇಲೆ ನಿಂತನಂತೆ, ಕಲ್ಯಾಣದ ಆಚೆ ಗಾಡಿಗಳೇ ಇಲ್ಲ ಅಂತ ಅನೌನ್ಸ್ ಮಾಡಿದರು. ಕಾದು ಕಾದು ಮನೆಗೆ ವಾಪಸ್ ಬಂದೆ. ಅವನಿಗೆ ನಾಲ್ಕು ಬಿಗಿದು ಬುದ್ಧಿ ಹೇಳಲು ನಿಮ್ಮೂರಿನವರು ಯಾರೂ ಇರಲಿಲ್ಲವಾ?"

"ಇಲ್ಲ ತಂಗಿ," ಎಂದೆ. "ಎಲ್ಲರೂ ಗಾಡಿ ಹತ್ತಿ ಹೋಗಿದ್ದರು."