ಎರಡು ಕಾಯಿಲ್, ಒಂದು ಗಟ್ಟಿ

ಅಂಗಡಿಯವನು ಚಿನ್ನ ಹುಡುಕುವ ಹೊಸ ಡಿಟೆಕ್ಟರಿನ ಜೊತೆ, ಅದರ ತುದಿಗೆ ಸಿಕ್ಕಿಸುವ ಕಾಯಿಲ್ ಒಂದೇ ಕೊಟ್ಟಿದ್ದರೆ ಕ್ಲಾರಿ ಪ್ಯಾಸ್ಕೋ ತೆಪ್ಪಗೆ ಅದನ್ನೇ ಕೊಂಡುಬಿಡುತ್ತಿದ್ದ. ಆ ಪುಣ್ಯಾತ್ಮ ಎರಡು ಕೊಟ್ಟ. “ನಿಮ್ಮೂರ ಮಣ್ಣಿನ ಬುದ್ಧಿ ನಿಮಗೇ ಗೊತ್ತಲ್ಲ. ಹೊಂದೋದು ಇಟ್ಕೊಳ್ಳಿ, ಇನ್ನೊಂದು ನಾಳೆ ವಾಪಸ್ ತನ್ನಿ” ಅಂದ.

ಅವನ ಊರು ಬೆರಿಗಾಲ್‌ನ ಕೆಂಪು ಮಣ್ಣಿನ ತುಂಬ ಕಬ್ಬಿಣದ ಕಲ್ಲು. ಡಿಟೆಕ್ಟರ್ ಹತ್ತಿರ ತಂದರೆ ಸಾಕು, ಚಿನ್ನ ಇರಲಿ ಬಿಡಲಿ ಕೂಗುತ್ತದೆ. ತಟ್ಟೆಯಗಲದ ದೊಡ್ಡ ಕಾಯಿಲ್ ಆಳಕ್ಕೆ ಇಳಿಯುತ್ತದೆ, ಆದರೆ ಕಲ್ಲಿನ ಗಲಾಟೆಯನ್ನೂ ಅಷ್ಟೇ ಕೇಳಿಸುತ್ತದೆ. ಮೊಟ್ಟೆಯಾಕಾರದ ಚಿಕ್ಕದು ಶಾಂತ, ಆದರೆ ಗೇಣಿನ ಕೆಳಗೆ ಅದಕ್ಕೆ ಕಿವಿ ಸಾಲದು. ಯಾವುದು ವಾಸಿ ಎಂದು ಆ ಊರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು.

ಪರೀಕ್ಷೆ ಮಾಡಲು ದಾರಿ ಒಂದೇ. ಗೊತ್ತಿದ್ದ ಚಿನ್ನವನ್ನು ಹೂಳಬೇಕು, ಎರಡೂ ಕಾಯಿಲ್ ಆಡಿಸಿ ನೋಡಬೇಕು. ಕ್ಲಾರಿಯ ಮನೆಯಲ್ಲಿದ್ದ ಚಿನ್ನವೆಂದರೆ ಹೆಂಡತಿ ಡಲ್ಸಿಯ ಗಟ್ಟಿ ಮಾತ್ರ.

ಅದು ಸಿಕ್ಕಿದ ದಿನ ಅವನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಮದುವೆಯಾಗಿ ನಾಲ್ಕನೇ ದಿನ, ಹಳೇ ಗಣಿಯ ಹಳ್ಳದ ಪಕ್ಕ ಡೇರೆ. ಎರವಲು ತಂದ ಡಿಟೆಕ್ಟರ್ ಅವನ ಕೈಯಲ್ಲಿ, ಫ್ಲಾಸ್ಕು ಡಲ್ಸಿಯ ಕೈಯಲ್ಲಿ. ಹೆಬ್ಬೆಟ್ಟಿನಷ್ಟು ಗಟ್ಟಿ ಮೇಲೆ ಬಂದಾಗ ಇಬ್ಬರೂ ನಗುತ್ತ ಟೀ ಪೂರ್ತಿ ಚೆಲ್ಲಿಕೊಂಡಿದ್ದರು. ಆಮೇಲೆ ಎಂಥ ಕಷ್ಟ ಬಂದರೂ ಅದನ್ನು ಮಾರಲಿಲ್ಲ. ಡಲ್ಸಿ ರೇಷ್ಮೆ ದಾರದಲ್ಲಿ ಪುಟ್ಟ ಬಲೆ ಹೆಣೆದು, ಅದರಲ್ಲಿ ಗಟ್ಟಿಯನ್ನಿಟ್ಟು, ವರ್ಷಕ್ಕೊಮ್ಮೆ ಮದುವೆಯ ದಿನ ಕೊರಳಿಗೆ ಹಾಕುತ್ತಿದ್ದಳು. ಇವತ್ತು ನಲವತ್ತನೇ ವರ್ಷ. ಸಂಜೆ ಆರಕ್ಕೆ ಊರಿನ ಬೋಲ್ಸ್ ಆಟದ ಕ್ಲಬ್ಬಿನಲ್ಲಿ ಊಟ. ಡಲ್ಸಿ ಕೂದಲು ಸುರುಳಿ ಮಾಡಿಸಲು ಹೋಗಿದ್ದಳು, ನಾಲ್ಕಕ್ಕೆ ಬರುತ್ತಾಳೆ. ಅಷ್ಟರೊಳಗೆ ಗಟ್ಟಿ, ಅದನ್ನಿಡುವ ಹಿತ್ತಾಳೆ ಪೆಟ್ಟಿಗೆಗೆ ವಾಪಸ್ ಹೋದರೆ ಆಯಿತಲ್ಲ.

ಹೂಳುವವನು ಬೇರೆ, ಹುಡುಕುವವನು ಬೇರೆ ಇರಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟಿನ ಕ್ರಮ. ಇಲ್ಲದಿದ್ದರೆ ಮೋಸ. ಕ್ಲಾರಿ ಹಿತ್ತಾಳೆ ಪೆಟ್ಟಿಗೆಯನ್ನು ತೆರೆಯದೆ ಹಾಗೇ ಎತ್ತಿ ಪಕ್ಕದ ಮನೆಯ ಲಿಂಡ್ಸೆ ಟ್ರೆಂಬಾತ್‌ನ ಕೈಗಿಟ್ಟು, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತ. ಲಿಂಡ್ಸೆ ನಿವೃತ್ತ ಪೋಸ್ಟ್ ಮಾಸ್ಟರ್. ಜನ್ಮದಲ್ಲಿ ಚಿನ್ನ ಹುಡುಕಿದವನಲ್ಲ, ಆದರೆ ಡಿಟೆಕ್ಟರಿನ ಪುಸ್ತಕಗಳನ್ನು ಬಾಯಿಪಾಠ ಮಾಡಿದವನು.

“ಬಾರಯ್ಯಾ, ಹೂತಾಯ್ತು. ಚಿಕ್ಕ ಕಾಯಿಲ್ ಹಾಕು” ಎಂದ ಲಿಂಡ್ಸೆ.

“ಚಿಕ್ಕದಂತೆ, ಚಿಕ್ಕದು” ಎಂದು ಬೇಲಿಯಾಚೆಯ ಮನೆಯ ವರ್ನಾ ಓಟ್ಸ್ ತಲೆ ಹಾಕಿದಳು. “ನಮ್ಮೆಜಮಾನ್ರು ಸಾಯೋ ತನಕ ದೊಡ್ಡದು ಬಿಟ್ಟು ಬೇರೆ ಮುಟ್ಟಿದೋರಲ್ಲ.”

“ಅವರು ಸಾಯೋ ತನಕ ಚಿನ್ನಾನೂ ಮುಟ್ಟಲಿಲ್ಲವಲ್ಲಮ್ಮ” ಎಂದ ಲಿಂಡ್ಸೆ.

ವರ್ನಾ ಬೇಲಿ ಸುತ್ತಿಕೊಂಡು ಒಳಗೇ ಬಂದಳು.

ಮೊದಲು ವರ್ನಾ ಹೇಳಿದ ದೊಡ್ಡ ಕಾಯಿಲ್ ಹಾಕಿದರೆ ಅಂಗಳದ ಉದ್ದಗಲಕ್ಕೂ ಒಂದೇ ಸಮನೆ ಕೂಗು. ಕೂಗಿದಲ್ಲೆಲ್ಲ ಅಗೆದರು. ಸಿಕ್ಕಿದ್ದು ಕಬ್ಬಿಣದ ಕಲ್ಲು, ಮೊಳೆ, ಒಂದು ಕುದುರೆ ಲಾಳ. ಹನ್ನೆರಡಾಗುವ ಹೊತ್ತಿಗೆ ಡಲ್ಸಿಯ ಎಲೆಕೋಸಿನ ಪಾತಿ ಹೋಗಿತ್ತು.

“ಸಾಕು ಮಾರಾಯ, ಎಲ್ಲಿ ಹೂತಿದೀಯ ತೋರಿಸು” ಎಂದ ಕ್ಲಾರಿ.

ಲಿಂಡ್ಸೆ ಠೀವಿಯಿಂದ ನಡೆದು ನಿಂತ. “ಗುರುತಿಟ್ಟೇ ಹೂತಿದೀನಿ. ಬೆಳಿಗ್ಗೆ ಬಟ್ಟೆ ಒಣಹಾಕೋ ಕಂಬದ ನೆರಳಿನ ತುದಿ ಎಲ್ಲಿ ಬಿದ್ದಿತ್ತೋ, ಸರಿಯಾಗಿ ಅಲ್ಲೇ.”

ಮೂವರೂ ನೆರಳು ನೋಡಿದರು. ಅದು ಕಂಬದ ಬುಡದಲ್ಲಿ ಮುದುರಿಕೊಂಡಿತ್ತು.

ಕ್ಲಾರಿ ಗಡಿಯಾರ ನೋಡಿದ. ಡಲ್ಸಿಯ ಖಾಲಿ ಕೊರಳು ಕಣ್ಣೆದುರು ಬಂತು. ಚಿಕ್ಕ ಕಾಯಿಲ್ ಸಿಕ್ಕಿಸಿಕೊಂಡು ಇಂಚಿಂಚೂ ಜಾಲಾಡಿದ. ಅದು ಮುನಿಸಿಕೊಂಡವರ ಹಾಗೆ ಬಾಯಿಬಿಡಲಿಲ್ಲ. ಕಡೆಗೆ ನಿಂಬೆ ಗಿಡದ ಬುಡದಲ್ಲಿ ಮಾತ್ರ ಇಂಪಾಗಿ ಒಂದು ದನಿ ಹೊರಡಿಸಿತು. ಅವನು ಮಂಡಿಯೂರಿ ಬರಿಗೈಯಲ್ಲೇ ತೋಡಿದ. ಬಂದದ್ದು ಮೇಣ ಮೆತ್ತಿದ, ತುಕ್ಕು ಹಿಡಿದ ತಂಬಾಕಿನ ಡಬ್ಬಿ. ನಲವತ್ತು ವರ್ಷದಲ್ಲಿ ಇಂಥ ಸಾವಿರ ಡಬ್ಬಿ ಅವನ ಆಸೆ ಕೆಡಿಸಿದ್ದವು. ನೋಡದೆಯೇ ಕಸದ ಬಕೆಟ್ಟಿಗೆ ಎಸೆದ. ಅಗೆದ ಕಸವನ್ನು ಮತ್ತೆ ನೆಲಕ್ಕೆ ಬಿಡಬಾರದು, ಅದೂ ಅಲ್ಲಿಯ ಕ್ರಮವೇ.

“ಹೆಂಗೂ ಕಸದ ಗುಡ್ಡೆ ಕಡೆ ಹೊರಟಿದೀನಿ, ಇದನ್ನೂ ಸುರಿದು ಬರ್ತೀನಿ ಕೊಡು” ಎಂದು ವರ್ನಾ ಬಕೆಟ್ಟನ್ನು ತನ್ನ ಪಿಕಪ್ಪಿಗೆ ಏರಿಸಿದಳು. ಆಕೆ ಮಾಡಿದ ಒಂದೇ ಉಪಕಾರ ಎಂದುಕೊಂಡ ಕ್ಲಾರಿ.

ನಾಲ್ಕಕ್ಕೆ ಡಲ್ಸಿ ಬಂದಳು. ಸುರುಳಿ ಕೂದಲು ಕಿವಿಯ ಮೇಲೆ ಚೆನ್ನಾಗಿ ಕೂತಿತ್ತು. ಅಂಗಳ ನೋಡಿದಳು, ಗಂಡನನ್ನು ನೋಡಿದಳು. ಕ್ಲಾರಿ ಮುಚ್ಚಿಡಲಿಲ್ಲ. ಎಲ್ಲ ಹೇಳಿ ಮುಗಿಸುವಾಗ ಅವನ ಕಣ್ಣಲ್ಲಿ ನೀರಿತ್ತು.

ಡಲ್ಸಿ ನಕ್ಕುಬಿಟ್ಟಳು.

“ಅಯ್ಯೋ ಹುಚ್ಚಪ್ಪ, ಅದು ಚಿನ್ನ ಅಲ್ಲ. ಕೈಕೆಲಸದ ಕ್ಲಾಸಲ್ಲಿ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ಬಣ್ಣ ಬಳಿದದ್ದು. ಮೂರು ವರ್ಷದಿಂದ ಅದನ್ನೇ ಹಾಕ್ಕೊಳ್ತಿದೀನಿ. ನೀನು ಪ್ರತಿ ಸಲಾನೂ ‘ಹೊಳಪು ನೋಡೇ’ ಅಂತಿದ್ದೆ.”

“ಪೆಟ್ಟಿಗೆಯಿಂದ ತೆಗೆಯೋವಾಗ ನಂಗೂ ಹಗುರ ಅನ್ನಿಸ್ತು” ಎಂದ ಲಿಂಡ್ಸೆ. “ಕೇಳಿದ್ರೆ ಚಿನ್ನದ ತೂಕದ ಮೇಲೆ ಭಾಷಣ ಬಿಗೀತೀಯ ಅಂತ ಸುಮ್ಮನಿದ್ದೆ.”

ಕ್ಲಾರಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ನಿಜವಾದ್ದು?”

“ಜೋಪಾನವಾಗಿದೆ. ಒಂದಲ್ಲ ಒಂದು ದಿನ ಪರೀಕ್ಷೆಗೆ ಅಂತ ಅದನ್ನ ಹೂತು ಕಳೀತೀಯ ಅಂತ ನಂಗೆ ಗೊತ್ತಿತ್ತು. ಅದಕ್ಕೇ ನಾನೇ ಹೂತಿಟ್ಟೆ. ಊರೆಲ್ಲ ಅಗೀತೀಯ, ಮನೆ ಗಿಡಕ್ಕೆ ಒಂದು ದಿನ ಸಲಿಕೆ ಹಾಕಿದೋನಲ್ಲ ನೀನು. ಇವತ್ತು ನಲವತ್ತು ವರ್ಷ, ನಿಜವಾದ್ದನ್ನೇ ಹಾಕ್ಕೋಬೇಕು ಅಂತ ಆಸೆ. ತೆಗೆದುಕೊಡು ಬಾ. ನಿಂಬೆ ಗಿಡದ ಬುಡದಲ್ಲಿ, ನಿಮ್ಮಪ್ಪನ ತಂಬಾಕಿನ ಡಬ್ಬಿ.”

ವರ್ನಾ ಖಾಲಿ ಬಕೆಟ್ ಆಡಿಸುತ್ತ ಗೇಟಿನೊಳಗೆ ಬಂದಳು.

ಐದೂವರೆಗೆ ನಾಲ್ವರೂ ಊರ ಕಸದ ಗುಡ್ಡೆಯ ಮೇಲಿದ್ದರು. ಡಬ್ಬ, ತಗಡು, ಹಾಸಿಗೆಯ ಸ್ಪ್ರಿಂಗು, ನೂರು ವರ್ಷದ ಕಬ್ಬಿಣ. ಕ್ಲಾರಿ ಡಿಟೆಕ್ಟರ್ ಚಾಲೂ ಮಾಡಿದ. ಕಾಯಿಲ್ ನೆಲ ಮುಟ್ಟುವ ಮೊದಲೇ ಅದು ಅರಚಿತು. ತೆಗೆದು ಇನ್ನೊಂದು ಹಾಕಿದ. ಅದೂ ಅರಚಿತು.

“ದೊಡ್ಡದೇ ಇರಲಿ” ಎಂದಳು ವರ್ನಾ.

“ಚಿಕ್ಕದು” ಎಂದ ಲಿಂಡ್ಸೆ.

ಡಲ್ಸಿ ಯಾರೋ ಬಿಸಾಕಿದ ಫ್ರಿಜ್ಜಿನ ಮೇಲೆ, ಹೊಸ ಸುರುಳಿ ಕೆಡದ ಹಾಗೆ, ನೆಟ್ಟಗೆ ಕುಳಿತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. “ಡೇರೆ ಒಂದು ತಂದಿದ್ರೆ ಆಗ್ತಿತ್ತು” ಎಂದಳು.