ಸುಭದ್ರಮ್ಮನವರ ಬೆಕ್ಕುಗಳ ಪುನರ್ವಸತಿ

ಶಿವಮೊಗ್ಗ ರವೀಂದ್ರನಗರದ ಸುಭದ್ರಮ್ಮನವರ ಮನೆಯಲ್ಲಿ ಬೆಕ್ಕುಗಳು ಮಿತಿಮೀರಿವೆ ಎಂಬುದನ್ನು ನೆರೆಹೊರೆಯವರು ಮೂಗಿನಿಂದಲೂ, ಪ್ರಾಣಿ ಕಲ್ಯಾಣ ಘಟಕದವರು ಖುದ್ದು ಪರಿಶೀಲನೆಯಿಂದಲೂ ದೃಢಪಡಿಸಿರುತ್ತಾರೆ.

ಗಂಡ ತೀರಿಕೊಂಡ ವರ್ಷ ಬಾಗಿಲಿಗೆ ಬಂದ ಒಂದು ಬೆಕ್ಕನ್ನು ಅಟ್ಟಲಾರದೆ ಅವರು ಒಳಗೆ ಬಿಟ್ಟುಕೊಂಡಿದ್ದರು. ಮುಂದಿನದನ್ನು ಬೆಕ್ಕೇ ನೋಡಿಕೊಂಡಿತು. ಈಗ ಕೊಂಡ ಹಾಲು ಯಾವುದಕ್ಕೂ ಸಾಲುತ್ತಿರಲಿಲ್ಲ. ಎಷ್ಟೋ ಮರಿಗಳ ಕಣ್ಣುಗಳು ಗೀಜು ಕಟ್ಟಿ ಮುಚ್ಚಿಹೋಗಿದ್ದವು.

"ನನ್ನ ಕೈಲಿ ಆಗ್ತಿಲ್ಲ ಮಾರಾಯ್ತಿ," ಎಂದರು ಸುಭದ್ರಮ್ಮ, ನೋಡಲು ಬಂದ ಪಶುವೈದ್ಯೆ ಭೂಮಿಕಾಗೆ. "ಆದ್ರೆ ಯಾವುದನ್ನ ಹೊರಗೆ ಹಾಕ್ಲಿ, ನೀನೇ ಹೇಳು."

ಭೂಮಿಕಾ ಘಟಕದ ಅಧಿಕಾರಿ ವೆಂಕಟಾಚಲ ಅವರ ಬಳಿ ಹೋದರು. ಅಧಿಕಾರಿಗಳು ಸಜ್ಜನರು. ನಿಯಮಾವಳಿ ಓದಿ ನಿಜವಾಗಿಯೂ ಬೇಸರಪಟ್ಟರು.

"ಬೆಕ್ಕಿಗೆ ಯೋಜನೆ ಇಲ್ಲ ಡಾಕ್ಟ್ರೇ. ನಾಯಿಗಿದೆ."

"ಇವು ಬೆಕ್ಕು ಸರ್."

"ನೋಡಿದವರು ಯಾರು?"

"ನಾನೇ."

"ಹಾಗಾದ್ರೆ ನೀವೇ ಇನ್ನೊಂದ್ಸಲ ಸರಿಯಾಗಿ ನೋಡ್ಬೇಕು."

ಭೂಮಿಕಾಗೆ ಮುಚ್ಚಿದ ಆ ಕಣ್ಣುಗಳು ನೆನಪಾದವು. ವಾಪಸ್ ಹೋಗಿ ಸರಿಯಾಗಿ ನೋಡಿದರು. "ಗಿಡ್ಡ ಕಾಲಿನ, ಮೃದು ಸ್ವಭಾವದ ನಾಯಿಗಳು" ಎಂದು ವರದಿ ಕೊಟ್ಟರು.

ಮರುದಿನವೇ ನಾಯಿ ಹಿಡಿಯುವ ವ್ಯಾನು ಬಂತು. ಬಲೆ ಬೀಸಿದ ಚಂದ್ರು, "ಮೇಡಂ, ಈ ನಾಯಿಗಳು ಬಲೆಯಿಂದ ಸೋರಿ ಹೋಗ್ತವೆ," ಎಂದು ಭೂಮಿಕಾಗೆ ವಿನಯದಿಂದ ವರದಿ ಮಾಡಿದ. ಕೊನೆಗೆ ಸುಭದ್ರಮ್ಮನೇ ತಟ್ಟೆ ಬಡಿದು ಕರೆದು, ಒಂದೊಂದನ್ನೂ ಎತ್ತಿ ವ್ಯಾನಿಗೆ ಹತ್ತಿಸಿದರು.

ಚಿಕಿತ್ಸೆ ಚೆನ್ನಾಗಿಯೇ ಆಯಿತು. ಮರಿಗಳು ಕಣ್ಣು ಬಿಟ್ಟವು. ಆಗ ಇನ್ನೊಂದು ನಿಯಮ ಎದುರಾಯಿತು: ಚಿಕಿತ್ಸೆ ಮುಗಿದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡತಕ್ಕದ್ದು.

"ಮತ್ತೆ ಅದೇ ಮನೆಗೆ ಬಿಟ್ರೆ ಮತ್ತೆ ಅದೇ ಗತಿ ಸರ್," ಎಂದರು ಭೂಮಿಕಾ. "ಆ ಅಮ್ಮನೂ ಉಪವಾಸ ಬೀಳ್ತಾರೆ."

ವೆಂಕಟಾಚಲ ಅವರು ನಿಯಮಾವಳಿಯನ್ನು ಮತ್ತೆ ತಿರುವಿದರು. ಮನೆ ಕಾವಲಿಗೆ ಬೇಕೆಂದು ಯಾರಾದರೂ ಕೇಳಿದರೆ ಕೊಡಬಹುದಿತ್ತು. ಕೂಡಲೇ ಪಕ್ಕದ ಊರಿಗೆ ಪ್ರಕಟಣೆ ಹೊರಟಿತು:

"ಭದ್ರಾವತಿಯ ಸಾರ್ವಜನಿಕರ ಗಮನಕ್ಕೆ. ಉತ್ತಮ ಕಾವಲು ನಾಯಿಗಳು ಲಭ್ಯವಿವೆ. ಮೀನು ತಿನ್ನುತ್ತವೆ. ಮರ ಹತ್ತಿದಲ್ಲಿ ಇಳಿಸುವ ಜವಾಬ್ದಾರಿ ಪಡೆದವರದು."

ಭದ್ರಾವತಿಯ ಹಳೆಯ ಕ್ವಾರ್ಟರ್ಸುಗಳಲ್ಲಿ ಇಲಿಗಳ ಕಾಟ ವಿಪರೀತ. ಜನ ಬುಟ್ಟಿ ಹಿಡಿದು ಬಂದರು. "ನಮಗೊಂದು ನಾಯಿ ಕೊಡಿ" ಎಂದು ಗಂಭೀರವಾಗಿ ಕೇಳಿದರು. ಸುಭದ್ರಮ್ಮ ಪಕ್ಕದಲ್ಲಿ ನಿಂತು, "ಇದಕ್ಕೆ ಗುಡುಗು ಅಂದ್ರೆ ಭಯ, ಒಳಗೇ ಮಲಗಿಸ್ಕೊಳ್ಳಿ," ಎಂದು ಪ್ರತಿಯೊಂದರ ಗುಣ ಹೇಳಿ ಕಳಿಸಿದರು. ಎರಡನ್ನು ತಾವೇ ಇಟ್ಟುಕೊಂಡರು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಯಾವ ಯೋಜನೆಯ ವ್ಯಾಪ್ತಿಗೂ ಬರುವುದಿಲ್ಲ.

ಕಳೆದ ತಿಂಗಳು ಭದ್ರಾವತಿಯ ಯುವರಾಜ್ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಕಳುವಾಯಿತು. ಅವರು ಠಾಣೆಗೆ ಹೋದರು.

"ಮನೇಲಿ ಘಟಕದವರು ಕೊಟ್ಟ ಕಾವಲು ನಾಯಿ ಇತ್ತಲ್ಲ, ಬೊಗಳಲಿಲ್ವಾ?" ಎಂದರು ಪೇದೆ.

"ಇಲ್ಲ ಸರ್. ಕಳ್ಳನ ಕಾಲಿಗೆ ಮೈ ಉಜ್ಜಿ ಗೇಟಿನ ತನಕ ಬಿಟ್ಟು ಬಂತಂತೆ. ಪಕ್ಕದ ಮನೆಯವರು ನೋಡಿದ್ದಾರೆ."

ಪೇದೆ ತಲೆಯಾಡಿಸಿದರು. "ಸರಕಾರಿ ನಾಯಿ ಅಲ್ವಾ ಮಾರಾಯ. ಹಂಗೇ ಇರೋದು."

ಯುವರಾಜ್‌ಗೂ ಅದು ಸರಿಯೆನಿಸಿತು.